ಹೂಳೆತ್ತುವ ಮುನ್ನ ಕೆರೆಯಂಚು ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಕೆರೆ ಮತ್ತು ನೀರಹಕ್ಕಿಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮೂರ ಕೆರೆಯ ಹೂಳೆತ್ತಿ, ಸುತ್ತಲೂ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ದಾರಿ ಮಾಡಿದ್ದಾರೆ. ನೀರು ಮೊದಲಿಗಿಂತ ಹೆಚ್ಚು ನಿಲ್ಲುತ್ತದೆ. ಆದರೆ ಚಳಿಗಾಲಕ್ಕೆ ಬರುತ್ತಿದ್ದ ಬಾತುಗಳು ಈಗ ಒಂದು ಸುತ್ತು ಹಾಕಿ ಹೋಗಿಬಿಡುತ್ತವೆ. ನೀರು ಹೆಚ್ಚಿದರೆ ಹಕ್ಕಿಯೂ ಹೆಚ್ಚಬೇಕಲ್ಲವೇ?
(ಹರಿಹರ ತಾಲ್ಲೂಕಿನ ಓದುಗರು)

ಉತ್ತರ: ಹೆಚ್ಚಬೇಕಿಲ್ಲ. ಹಕ್ಕಿಗೆ ಮುಖ್ಯವಾದದ್ದು ಕೆರೆಯಲ್ಲಿ ಎಷ್ಟು ನೀರಿದೆ ಎಂಬುದಲ್ಲ, ಅಂಚಿನಲ್ಲಿ ಎಷ್ಟು ಆಳವಿದೆ ಎಂಬುದು. ಸೂಜಿಬಾಲದ ಬಾತು, ಚುಕ್ಕೆಬಾತುಗಳಂಥವು ಮುಳುಗಿ ಮೇಯುವ ಜಾತಿಯಲ್ಲ. ಬಾಲ ಮೇಲೆತ್ತಿ ಕತ್ತು ನೀರಿಗಿಳಿಸಿ ಕೆಸರಿನ ಬೀಜ, ಗೆಡ್ಡೆ, ಹುಳ ತೆಗೆಯುತ್ತವೆ. ಕತ್ತು ನಿಲುಕುವುದು ಸುಮಾರು 30 ಸೆಂಟಿಮೀಟರ್ ಆಳದವರೆಗೆ, ಉದ್ದ ಕತ್ತಿನವಕ್ಕೆ ಇನ್ನೂ ಸ್ವಲ್ಪ. ಗದ್ದೆಗೊರವದಂಥ ಸಣ್ಣ ಹಕ್ಕಿಗಳಿಗೆ 5 ಸೆಂಟಿಮೀಟರ್ ನೀರಿದ್ದರೆ ಸಾಕು, ಮೆಟ್ಟುಗಾಲು ಹಕ್ಕಿಗೆ 15. ಒಂದಾಳು ಆಳದ ನೀರು ನೀರುಕಾಗೆಗೆ, ಮುಳುಗಿ ಮೇಯುವ ಕೆಲವು ಬಾತುಗಳಿಗೆ ಮಾತ್ರ ಉಪಯೋಗ.

ಲೆಕ್ಕ ಹಾಕಿ ನೋಡಿ. ದಡದ ಇಳಿಜಾರು 1:20 ಇದ್ದರೆ, ಎಂದರೆ 20 ಅಡಿ ಮುಂದೆ ಹೋದಾಗ 1 ಅಡಿ ಇಳಿದರೆ, 30 ಸೆಂಟಿಮೀಟರ್ ಒಳಗಿನ ಆಳದ ಪಟ್ಟಿ 6 ಮೀಟರ್ ಅಗಲ ಸಿಗುತ್ತದೆ. ಅದೇ ದಡವನ್ನು 1:2ಕ್ಕೆ ಕಡಿದು ಕಲ್ಲು ಹೊದಿಸಿದರೆ ಪಟ್ಟಿ 60 ಸೆಂಟಿಮೀಟರಿಗೆ ಇಳಿಯಿತು. ಅದೂ ಬರೀ ಕಲ್ಲು. ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ನಿಧಾನ ಇಳಿಜಾರಿನ ಕೆರೆಯಲ್ಲಿ ಸಂಕ್ರಾಂತಿಯ ನಂತರ ನೀರು ತಗ್ಗಿದಂತೆ ದಿನಾ ಹೊಸ ಕೆಸರು ತೆರೆದುಕೊಳ್ಳುತ್ತದೆ, ಹಕ್ಕಿಗಳು ನೀರಿನ ಹಿಂದೆಯೇ ಇಳಿಯುತ್ತಾ ಮೇಯುತ್ತವೆ. ಬಟ್ಟಲಿನಂತೆ ತೋಡಿದ ಕೆರೆಯಲ್ಲಿ ನೀರು ಇಳಿದರೂ ಹೊಸ ಮೇವಿಲ್ಲ.

ಕಟ್ಟಿದ್ದನ್ನೆಲ್ಲ ಕೀಳಬೇಕಾಗಿಲ್ಲ. ಏರಿಯ ಕಡೆಯ ಕಲ್ಲನ್ನು ಮುಟ್ಟಲೇಬೇಡಿ, ಅಲೆ ಹೊಡೆದು ಏರಿ ಕೊರೆಯದಂತೆ ತಡೆಯುವುದು ಅದೇ. ಏರಿಯ ಎದುರು ದಿಕ್ಕಿನಲ್ಲಿ, ಹಳ್ಳದ ನೀರು ಬಂದು ಸೇರುವಲ್ಲಿ, 100ರಿಂದ 200 ಮೀಟರ್ ಉದ್ದಕ್ಕೆ ಕಲ್ಲು ತೆಗೆಸಿ. ಅಲ್ಲಿ ಮಣ್ಣು ಹರವಿ 1:10ಕ್ಕಿಂತ ನಿಧಾನವಾದ ಇಳಿಜಾರು ಕೊಡಿಸಿ. ಮಣ್ಣು ಹರವಿದ ಮೊದಲ ವರ್ಷ ಬಳ್ಳಾರಿ ಜಾಲಿ ಮೊಳೆಯುತ್ತದೆ. ಮೊಣಕಾಲೆತ್ತರಕ್ಕೆ ಬರುವ ಮೊದಲೇ ಬೇರುಸಹಿತ ಕಿತ್ತರೆ ಸುಲಭ, ಬುಡ ಕಡಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ. ನಡೆದಾಡುವ ದಾರಿ ಏರಿಯ ಮೇಲೆ ಮಾತ್ರ ಇರಲಿ, ಕೆರೆಯ ಸುತ್ತ ಪೂರಾ ಬೇಡ. ನಾಲ್ಕೂ ಕಡೆ ಜನ ಓಡಾಡಿದರೆ ಹಕ್ಕಿಗೆ ಬೆನ್ನು ಕೊಡಲು ಜಾಗವೇ ಇಲ್ಲ. ದೀಪಗಳಿಗೆ ಮೇಲುಮುಚ್ಚಿಗೆ ಹಾಕಿಸಿ, ಬೆಳಕು ನೀರಿನ ಮೇಲೆ ಬೀಳದಂತೆ ತಿರುಗಿಸಿ. ಬಾತುಗಳಲ್ಲಿ ಬಹಳಷ್ಟು ರಾತ್ರಿ ಮೇಯುವವು.

ಪ್ರಶ್ನೆ: ಈ ಬೇಸಿಗೆಯಲ್ಲಿ ತೋಟಕ್ಕೆ ಕೆರೆಗೋಡು (ಕೆರೆಯ ಹೂಳುಮಣ್ಣು) ಹೊಡೆಸಬೇಕೆಂದಿದ್ದೇವೆ. ಎಕರೆಗೆ ಎಷ್ಟು ಲೋಡು ಬೇಕು? ಹೂಳೆತ್ತಿದರೆ ಹಕ್ಕಿಗೆ ತೊಂದರೆ ಎಂದು ಕೆಲವರು ತಕರಾರು ತೆಗೆದಿದ್ದಾರೆ.
(ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರರು)

ಉತ್ತರ: ಹೂಳೆತ್ತುವುದು ತಪ್ಪಲ್ಲ, ಎತ್ತುವ ರೀತಿಯಲ್ಲಿ ತಪ್ಪಾಗುತ್ತದೆ. ಎಕರೆಗೆ 1 ಅಂಗುಲ ದಪ್ಪ ಹರವಲು ಸುಮಾರು 100 ಘನ ಮೀಟರ್ ಗೋಡು ಬೇಕು. ಟ್ರ್ಯಾಕ್ಟರ್ ಟ್ರೇಲರಿಗೆ 3 ಘನ ಮೀಟರ್ ಹಿಡಿದರೆ 33ರಿಂದ 35 ಲೋಡು. ಕೆಂಪು, ಗರಸು ನೆಲಕ್ಕೆ ಇದು ಒಳ್ಳೆಯದು. ಎರೆ ನೆಲಕ್ಕೆ ಮೊದಲೇ ಜಿಗುಟು ಹೆಚ್ಚು, ಇನ್ನಷ್ಟು ಗೋಡು ಹಾಕಿದರೆ ನೀರು ಬಸಿಯದೆ ಬೇರು ಕೊಳೆಯುತ್ತದೆ. ಪಟ್ಟಣದ ಚರಂಡಿ ನೀರು ಸೇರುವ ಕೆರೆಯ ಗೋಡನ್ನು ಮಣ್ಣು ಪರೀಕ್ಷೆ ಮಾಡಿಸದೆ ತೋಟಕ್ಕೆ ತರಬೇಡಿ. ಭಾರಲೋಹಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಿಯೇ ಮಾಡಿಸಬೇಕು, ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ಬರುವುದಿಲ್ಲ.

ಕೆರೆಯಂಗಳವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ತೆಗೆಯಿರಿ. ಉಳಿದೆರಡು ಪಾಲಿನ ಜೊಂಡು, ಬೀಜ, ಬಸವನಹುಳು ಹೊಸ ನೀರಿಗೆ ಮತ್ತೆ ಹಬ್ಬುತ್ತವೆ. ಇಡೀ ಅಂಗಳ ಕೆರೆದು ಹಾಕಿದರೆ ನೀರು ತುಂಬಿದರೂ ಮೇವು ಹುಟ್ಟಲು ಕೆಲವು ವರ್ಷ ಬೇಕು. ಹೊಂಡ ಹೊಂಡವಾಗಿ ತೋಡಲು ಬಿಡಬೇಡಿ. ಜೆಸಿಬಿಯವರು ಲೋಡು ಬೇಗ ತುಂಬಲೆಂದು ಒಂದೇ ಕಡೆ ಬಗೆಯುತ್ತಾರೆ. ಮಳೆಗಾಲದಲ್ಲಿ ಅದೇ ಗುಂಡಿಗೆ ದನ, ಮಕ್ಕಳು ಜಾರುತ್ತಾರೆ. ತಳದಲ್ಲಿ ಗರಸು ಕಾಣಿಸಿದ ಕೂಡಲೇ ನಿಲ್ಲಿಸಿ. ನೀರು ಇಂಗಿ ಹೋಗದಂತೆ ಹಿಡಿದಿರುವುದು ಗರಸಿನ ಮೇಲಿನ ಜಿಗುಟು ಪದರವೇ. ಅದನ್ನು ಸೀಳಿದ ಕೆರೆ ಕೋಡಿ ಬಿದ್ದರೂ ಯುಗಾದಿಗೆ ಖಾಲಿ. ಏರಿಯ ಬುಡದಿಂದ ಎಷ್ಟು ದೂರ ಬಿಡಬೇಕೆಂದು ಎಂಜಿನಿಯರ್ ಬಂದು ಸುಣ್ಣದ ಗೆರೆ ಹಾಕಿದ ಮೇಲೆಯೇ ಯಂತ್ರ ಇಳಿಯಲಿ. ಅನುಮತಿ ಯಾರಿಂದ ಎಂಬುದಕ್ಕೆ ಅಚ್ಚುಕಟ್ಟು, ಎಂದರೆ ಕೆರೆಯಿಂದ ನೀರುಣ್ಣುವ ಜಮೀನು, ಎಷ್ಟೆಂದು ನೋಡಿ: 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ವ್ಯವಸ್ಥೆಯ ಕೆರೆ, 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದು.

ಮಾರ್ಚಿಯಿಂದ ಮೇವರೆಗಿನ ಹೂಳೆತ್ತುವ ಕಾಲವೇ ಟಿಟ್ಟಿಭ ಒಣ ಅಂಗಳದಲ್ಲಿ ಮೊಟ್ಟೆಯಿಡುವ ಕಾಲ. ಗೂಡೆಂದರೆ ನಾಲ್ಕು ಬೆಣಚುಕಲ್ಲು ಜೋಡಿಸಿದ ತಗ್ಗು, ಚಾಲಕನಿಗೆ ಕಾಣುವುದಿಲ್ಲ. ಹಕ್ಕಿ ಕೂಗಿ ಮೇಲೆರಗುವ ಜಾಗದಲ್ಲಿ ಬೆಳಿಗ್ಗೆಯೇ ನೋಡಿ, ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಡಿ, ಸುತ್ತ 20 ಮೀಟರ್ ಬಿಡಿ. ಮರಿ ಹೊರಬರಲು ಹೆಚ್ಚೂಕಡಿಮೆ ನಾಲ್ಕು ವಾರ. ಅಷ್ಟರಲ್ಲಿ ಬೇರೆ ಕಡೆ ಕೆಲಸ ಸಾಗಲಿ.

ಪ್ರಶ್ನೆ: ತೆಗೆದ ಹೂಳಿನಿಂದಲೇ ಕೆರೆಯ ನಡುವೆ ದಿಬ್ಬ ಮಾಡಿ ಹಕ್ಕಿಗೆ ಬಿಡಬಹುದೇ?

ಉತ್ತರ: ಬಿಡಬಹುದು. ದಡಕ್ಕೂ ದಿಬ್ಬಕ್ಕೂ ನಡುವೆ ಕನಿಷ್ಠ 20 ಮೀಟರ್ ಅಗಲ, ಬೇಸಿಗೆಯಲ್ಲೂ 1 ಮೀಟರ್ ಮೇಲೆ ನೀರು ಇರಬೇಕು. ಇಲ್ಲವಾದರೆ ಬೀದಿನಾಯಿಗಳು ನಡೆದೇ ಹೋಗಿ ಒಂದೇ ರಾತ್ರಿಯಲ್ಲಿ ಗೂಡುಗಳನ್ನು ಮುಗಿಸುತ್ತವೆ. ದಿಬ್ಬದ ತಲೆ ಕೋಡಿಯ ಮಟ್ಟಕ್ಕಿಂತ ಅರ್ಧ ಮೀಟರ್ ಎತ್ತರವಿದ್ದರೆ ಸಾಕು, ಚಪ್ಪಟೆಯಾಗಿರಲಿ. ಬದಿಯ ಇಳಿಜಾರು ನಿಧಾನವಿರಲಿ, ಕಲ್ಲು ಹೊದಿಸಬೇಡಿ. ಬಾತುಮರಿ ಕಲ್ಲು ಹತ್ತಲಾರದು. ಮರವೆಂದರೆ ಕರಿಜಾಲಿ. ಮುಳ್ಳಿನ ಹೆಣಿಗೆ ಕೊಕ್ಕರೆ, ಬೆಳ್ಳಕ್ಕಿ, ಕೆಂಬರಲುಗಳಿಗೆ ಗೂಡಿನ ಆಸರೆ. ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕಗಳಿಗೆ ನೆಲೆಯಾಗಿರುವುದು ಕೆರೆಯೊಳಗೆ ಬೆಳೆದ ಜಾಲಿಯೇ. ಆದರೆ ಆ ಮರವೂ ಕೆಲವು ತಿಂಗಳ ನೀರು ತಡೆದೀತೇ ಹೊರತು ವರ್ಷಗಟ್ಟಲೆ ಬುಡ ಮುಳುಗಿದರೆ ಸಾಯುತ್ತದೆ. ಕಾಲುವೆ ನೀರು ಸದಾ ತುಂಬಿರುವ ಭದ್ರಾ ಅಚ್ಚುಕಟ್ಟಿನ ಕೆರೆಗಳಲ್ಲಿ ಆದ್ದರಿಂದಲೇ ದಿಬ್ಬ ಬೇಕು.

ಪ್ರಶ್ನೆ: ನಮ್ಮ ಕೆರೆ ಮೀನು ಹರಾಜಾಗಿದೆ. ಗುತ್ತಿಗೆ ಹಿಡಿದವರು ನೀರುಕಾಗೆ ಓಡಿಸಲು ಪಟಾಕಿ ಹೊಡೆಯುತ್ತಾರೆ. ನಿಲ್ಲಿಸಿ ಎಂದರೆ "ನಮ್ಮ ಹೊಟ್ಟೆಪಾಡು ನೀವು ನೋಡ್ತೀರಾ?" ಎನ್ನುತ್ತಾರೆ. ಏನು ಹೇಳುವುದು?
(ಚನ್ನಗಿರಿ ತಾಲ್ಲೂಕಿನ ಯುವಕ ಸಂಘ)

ಉತ್ತರ: ಅವರ ಮಾತಿನಲ್ಲಿ ಹುರುಳಿದೆ, ಅಲ್ಲಿಂದಲೇ ಮಾತು ಶುರುಮಾಡಿ. ದಿನವೂ ಕೆರೆಯ ಮೇಲೆ ಇರುವವರು ಅವರೊಬ್ಬರೇ. ಅವರು ಒಪ್ಪಿದರೆ ಬೇರೆ ಕಾವಲು ಬೇಕಿಲ್ಲ, ಮುನಿದರೆ ಯಾವ ಫಲಕ ನೆಟ್ಟೂ ಪ್ರಯೋಜನವಿಲ್ಲ.

ಮೊದಲು ನಷ್ಟ ತಗ್ಗುವ ದಾರಿ ತೋರಿಸಿ. ನೀರುಕಾಗೆ ಹಿಡಿಯುವುದು ಸಣ್ಣ ಮೀನು. ಎರಡು ಮೂರು ಸೆಂಟಿಮೀಟರಿನ ಮರಿಯನ್ನು ಅಗ್ಗವೆಂದು ನೇರ ಕೆರೆಗೆ ಸುರಿದರೆ ಹಕ್ಕಿಗೂ ಮುರುಗೋಡು ಮೀನಿಗೂ ಅದು ಹಬ್ಬ. ಕೆರೆಯ ಪಕ್ಕದ ಹೊಂಡದಲ್ಲೋ ಬಲೆಯ ಆವರಣದಲ್ಲೋ 10 ಸೆಂಟಿಮೀಟರ್ ದಾಟುವವರೆಗೆ ಸಾಕಿ ಆಮೇಲೆ ಬಿಟ್ಟರೆ ಮರಿಯ ಖರ್ಚು ಏರುತ್ತದೆ, ಉಳಿಯುವ ಮೀನು ಅದಕ್ಕಿಂತ ಹೆಚ್ಚು ಏರುತ್ತದೆ. ಬಿಡುವ ಹೊತ್ತು ಸಂಜೆ ಕತ್ತಲಾದ ಮೇಲೆ, ಹಕ್ಕಿ ಮರ ಸೇರಿದ ನಂತರ. ಒಂದೇ ಕಡೆ ಅಲ್ಲ, ನಾಲ್ಕೈದು ಕಡೆ.

ಮುಂದೆ ಬಲೆ. ಸಂಜೆ ಬಿಟ್ಟು ಬಂದ ನೈಲಾನ್ ಬಲೆಯನ್ನು ಬಿಸಿಲೇರಿದ ಮೇಲೆ ಎತ್ತಿದರೆ ಬೆಳಗಿನ ಜಾವ ಮುಳುಗುವ ಗುಳುಮುಳುಕ, ಹಾವಕ್ಕಿ, ನಾಮದಕೋಳಿ ಸಿಕ್ಕಿ ಉಸಿರುಕಟ್ಟಿ ಸಾಯುತ್ತವೆ. ಬಲೆಯೂ ಹರಿಯುತ್ತದೆ. ಮೂಡಲು ಕೆಂಪಾಗುವ ಮೊದಲೇ ಎತ್ತುವುದೆಂದು ಒಪ್ಪಂದವಾದರೆ ಇಬ್ಬರಿಗೂ ಲಾಭ, ಮೀನೂ ಕೆಡದೆ ಮಾರುಕಟ್ಟೆ ಸೇರುತ್ತದೆ. ಹರಿದ ಬಲೆಯನ್ನು ನೀರಲ್ಲೇ ಬಿಡುವುದೇ ಎಲ್ಲಕ್ಕಿಂತ ಕೆಟ್ಟದ್ದು, ವರ್ಷಗಟ್ಟಲೆ ಅದು ಕೊಲ್ಲುತ್ತಲೇ ಇರುತ್ತದೆ. ಇಳಿಸಿದ ಬಲೆ ಎಷ್ಟು, ಎತ್ತಿದ್ದು ಎಷ್ಟು ಎಂಬ ಪಟ್ಟಿ ಇರಲಿ. ಹಳೆ ಬಲೆ ತಂದುಕೊಟ್ಟವರಿಗೆ ಸಂಘದಿಂದ ಏನಾದರೂ ಕೊಡಿ.

ಇನ್ನು ಯಾವ ಮೀನು. ಕಾಟ್ಲಾ, ರೋಹು ಇದ್ದರೆ ಹಕ್ಕಿಗೆ ಅಡ್ಡಿಯಿಲ್ಲ. ಹುಲ್ಲುಗೆಂಡೆ ನೀರೊಳಗಿನ ಪಾಚಿಗಿಡಗಳನ್ನು ಬುಡಸಹಿತ ತಿನ್ನುತ್ತದೆ, ಅದು ನಾಮದಕೋಳಿಯ ಅನ್ನ. ಸಾಮಾನ್ಯ ಗೆಂಡೆ ಕೆಸರು ಕೆದಕುತ್ತದೆ. ನೀರು ರಾಡಿಯಾಗಿ ಬೆಳಕಿಳಿಯದೆ ಗಿಡ ಸಾಯುತ್ತದೆ. ಇವೆರಡರ ಪಾಲು ಕಡಿಮೆಯಿರಲಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ, ಅದು ಕಂಡರೆ ಮೀನುಗಾರಿಕೆ ಇಲಾಖೆಗೆ ತಿಳಿಸಿ. ಪಟಾಕಿಯ ಬಗ್ಗೆ ಕೊನೆಗೆ ಹೇಳಿ: ನೀರುಕಾಗೆ ಮರುದಿನವೇ ರೂಢಿ ಮಾಡಿಕೊಂಡು ಬರುತ್ತದೆ, ಗೂಡು ಬಿಟ್ಟು ಹೋಗುವುದು ಕೊಕ್ಕರೆ. ಕೊಕ್ಕರೆ ಗೂಡಿನ ಕೆಳಗೆ ಬೀಳುವ ಹಿಕ್ಕೆ ನೀರಿಗೆ ಗೊಬ್ಬರ, ಅದರಿಂದ ಮೀನಿನ ಮೇವು ಹುಟ್ಟುತ್ತದೆ ಎಂಬುದು ಹಳೆಯ ಬೆಸ್ತರಿಗೆ ನಾವು ಹೇಳಿಕೊಡಬೇಕಾದ್ದಲ್ಲ. ಇಷ್ಟೂ ಷರತ್ತುಗಳು ಮುಂದಿನ ಹರಾಜಿನ ಕರಾರಿನಲ್ಲೇ ಬರಲಿ, ಬಾಯಿಮಾತು ಗುತ್ತಿಗೆದಾರ ಬದಲಾದರೆ ಮುಗಿಯಿತು.

ಪ್ರಶ್ನೆ: ಭತ್ತದ ಸಸಿಮಡಿಗೆ ರಾತ್ರಿ ಬಾತುಗಳು ಇಳಿದು ಮೊಳಕೆ ತಿಂದು ತುಳಿದು ಹೋಗುತ್ತವೆ. ಹರಳು ವಿಷ ಇಡುವವರೂ ಇದ್ದಾರೆ.
(ಭದ್ರಾ ಅಚ್ಚುಕಟ್ಟಿನ ರೈತರು)

ಉತ್ತರ: ಬಾತು ಇಳಿಯುವುದು ನೀರಿನ ಹೊಳಪು ನೋಡಿ. ಮೊಳಕೆ ಚೆಲ್ಲಿದ ಮೊದಲ ವಾರ, ಸಂಜೆ ನೀರು ಬಸಿದು ಬರೀ ಹಸಿ ಮಣ್ಣು ಉಳಿಸಿ, ಬೆಳಿಗ್ಗೆ ಮತ್ತೆ ಹಾಯಿಸಿ. ಅರ್ಧಕ್ಕರ್ಧ ಕಾಟ ಅಲ್ಲೇ ನಿಲ್ಲುತ್ತದೆ. ಸಸಿಮಡಿ ಕೆರೆಯಂಚಿನಲ್ಲಿ ಬೇಡ, ಮನೆಯ ಹತ್ತಿರ ಇರಲಿ. ಅಕ್ಕಪಕ್ಕದವರು ಒಂದೇ ವಾರದಲ್ಲಿ ಚೆಲ್ಲಿದರೆ ಒಬ್ಬರ ಮಡಿಯ ಮೇಲೆಯೇ ಹಿಂಡು ಬೀಳುವುದಿಲ್ಲ. ಮಿರುಗುವ ಪಟ್ಟಿ ಕಟ್ಟಿದರೆ ಹತ್ತು ಹದಿನೈದು ದಿನ ಹೆದರುತ್ತವೆ, ಸಸಿಮಡಿಗೆ ಅಷ್ಟು ಸಾಕು. ಮೇಲೆ ಬಲೆ ಹೊದಿಸುವುದಾದರೆ ಬಿಗಿಯಾಗಿ ಎಳೆದು ಕಟ್ಟಿ, ಸಡಿಲ ಬಲೆಯಲ್ಲಿ ಹಾವು, ಹಕ್ಕಿ ಎರಡೂ ಸಿಗುತ್ತವೆ.

ವಿಷದ ಮಾತು ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅದು ಬೇಟೆಯೇ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೂ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿಷ ತಿಂದ ಬಾತನ್ನು ಹಿಡಿದು ಮಾರುವವರಿಂದ ಆ ವಿಷ ಮನೆಯ ಸಾರಿಗೂ ಬರುತ್ತದೆ.

ಪ್ರಶ್ನೆ: ಅಂತರಗಂಗೆ ಕಳೆ ನಮ್ಮ ಕೆರೆಯನ್ನು ಪೂರಾ ಮುಚ್ಚಿದೆ. ಶ್ರಮದಾನ ಮಾಡಿ ತೆಗೆದೆವು, ಮೂರು ತಿಂಗಳಲ್ಲಿ ಮತ್ತೆ ಹಬ್ಬಿತು. ಔಷಧಿ ಹೊಡೆಯಬಹುದೇ?
(ಚಿತ್ರದುರ್ಗ ನಗರ)

ಉತ್ತರ: ಔಷಧಿ ಬೇಡ. ಒಮ್ಮೆಲೇ ಸತ್ತ ರಾಶಿ ನೀರಲ್ಲಿ ಕೊಳೆತು ಆಮ್ಲಜನಕ ಹೀರಿಬಿಡುತ್ತದೆ, ಮೀನು ಬೆಳಗಾಗುವಷ್ಟರಲ್ಲಿ ತೇಲುತ್ತವೆ. ನೀಲಿ ಹೂವಿನ ಈ ಕಳೆ ಅನುಕೂಲ ಸಿಕ್ಕರೆ ಎರಡು ವಾರದೊಳಗೆ ಎರಡರಷ್ಟಾಗುತ್ತದೆ. ನೂರರಲ್ಲಿ ಐದು ಪಾಲು ಉಳಿಸಿ ಬಂದರೂ ಮೂರು ತಿಂಗಳಲ್ಲಿ ಕೆರೆ ಮುಚ್ಚಲು ಅಷ್ಟೇ ಸಾಕು, ನಿಮಗಾದದ್ದೂ ಅದೇ. ಬೀಜ ಕೆಸರಿನಲ್ಲಿ ಇಪ್ಪತ್ತು ವರ್ಷದವರೆಗೆ ಜೀವ ಹಿಡಿದಿರುತ್ತದೆ.

ಆದ್ದರಿಂದ ಹೂ ಬಿಡುವ ಮೊದಲು, ನೀರು ಕಡಿಮೆಯಿರುವ ಏಪ್ರಿಲ್‌ನಲ್ಲಿ ಇಳಿಯಿರಿ. ತೇಲುವ ಹಗ್ಗಕ್ಕೆ ಖಾಲಿ ಕ್ಯಾನು ಕಟ್ಟಿ ಕೆರೆಯನ್ನು ಭಾಗ ಮಾಡಿ, ಒಂದು ಭಾಗ ಪೂರ್ತಿ ಸ್ವಚ್ಛವಾದ ಮೇಲೆ ಹಗ್ಗ ಸರಿಸಿ. ಗಾಳಿ ಬೀಸುವ ದಿಕ್ಕಿನ ದಡದಲ್ಲಿ ನಿಂತರೆ ಕಳೆ ತಾನಾಗಿ ನಿಮ್ಮತ್ತ ಬರುತ್ತದೆ. ತೆಗೆದದ್ದನ್ನು ಕೋಡಿ ಮಟ್ಟಕ್ಕಿಂತ ಮೇಲೆ ಹಾಕಿ, ಇಲ್ಲದಿದ್ದರೆ ಮೊದಲ ಮಳೆಗೆ ಮರಳಿ ಕೆರೆಗೆ. ನೂರು ಕೆಜಿಯಲ್ಲಿ 90 ಕೆಜಿಗೂ ಹೆಚ್ಚು ನೀರೇ, ಒಂದು ವಾರ ಒಣಗಲು ಬಿಟ್ಟು ಸಾಗಿಸಿದರೆ ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತದೆ. ಆಮೇಲೆ ಒಂದು ವರ್ಷ ಹದಿನೈದು ದಿನಕ್ಕೊಮ್ಮೆ ನಾಲ್ಕು ಜನ ತೆಪ್ಪದಲ್ಲಿ ಹೋಗಿ ಬಿಡಿಗಿಡ ಹೆಕ್ಕಲೇಬೇಕು. ನೂರು ಜನರ ಒಂದು ದಿನದ ಶ್ರಮದಾನಕ್ಕಿಂತ ಈ ನಾಲ್ಕು ಜನರ ಕೆಲಸ ದೊಡ್ಡದು, ಫೋಟೊ ಮಾತ್ರ ಬರುವುದಿಲ್ಲ.

ದೊಡ್ಡ ಕೆರೆಯಾದರೆ ಮೂತಿಹುಳುವಿನ ದಾರಿಯಿದೆ. ಈ ಕಳೆಯನ್ನಷ್ಟೇ ತಿನ್ನುವ ಈ ಹುಳುವನ್ನು 1980ರ ದಶಕದಲ್ಲಿ ಬೆಂಗಳೂರು ಸುತ್ತಿನ ಕೆರೆಗಳಲ್ಲಿ ಬಿಟ್ಟು ಫಲ ಕಂಡಿದ್ದಾರೆ. ಕೆಲವು ವರ್ಷ ಕಾಯಬೇಕು, ಬೇಸಿಗೆಯಲ್ಲಿ ಒಣಗುವ ಕೆರೆಯಲ್ಲಿ ಹುಳು ಉಳಿಯದು. ಮೂಲ ಕಾರಣ ಚರಂಡಿ ನೀರು. ಅದು ಬರುತ್ತಿರುವಷ್ಟು ದಿನ ಏನು ಮಾಡಿದರೂ ಕಳೆ ಬರುತ್ತದೆ.

ಪ್ರಶ್ನೆ: ನಮ್ಮ ಕೆರೆಯನ್ನೂ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿಸಬಹುದೇ? ಸೇರಿದರೆ ದನ ಮೇಯಿಸುವುದು, ಮೀನು ಹಿಡಿಯುವುದು ನಿಲ್ಲುತ್ತದೆ ಎಂದು ಊರಲ್ಲಿ ಭಯವಿದೆ.

ಉತ್ತರ: ರಾಜ್ಯದ ಮೊದಲ ರಾಮ್ಸರ್ ತಾಣ ರಂಗನತಿಟ್ಟು, 2022ರಲ್ಲಿ. 2024ರಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ಅಂಕಸಮುದ್ರ ಸೇರಿದವು. ಅಂಕಸಮುದ್ರ 100 ಹೆಕ್ಟೇರ್ ಕೂಡ ಇಲ್ಲ, ಆದ್ದರಿಂದ ವಿಸ್ತೀರ್ಣ ತೊಡಕಲ್ಲ. ಹಕ್ಕಿಯ ಮಾನದಂಡ ಎರಡು: ರೂಢಿಯಾಗಿ 20,000 ನೀರಹಕ್ಕಿ ಸೇರಬೇಕು, ಅಥವಾ ಒಂದು ಜಾತಿಯ ಒಟ್ಟು ಸಂತತಿಯ ನೂರಕ್ಕೆ ಒಂದು ಪಾಲು ಅಲ್ಲಿರಬೇಕು. ಬೇರೆ ಮಾನದಂಡಗಳೂ ಇವೆ, ಯಾವುದಕ್ಕೂ ವರ್ಷಾನುಗಟ್ಟಲೆಯ ಎಣಿಕೆ ಕೈಯಲ್ಲಿರಬೇಕು.

ಅದಕ್ಕಿಂತ ಹತ್ತಿರದ ಮೆಟ್ಟಿಲು ಸಂರಕ್ಷಣಾ ಮೀಸಲು. ಅಂಕಸಮುದ್ರ, ಮಾಗಡಿ ಎರಡೂ ಆ ಮೆಟ್ಟಿಲು ಹತ್ತಿಯೇ ಹೋದವು. ವನ್ಯಜೀವಿ ಕಾಯ್ದೆಯ 36ಎ ಕಲಮಿನಡಿ, ಸರ್ಕಾರಿ ಜಾಗವಾದರೆ, ಸ್ಥಳೀಯರೊಡನೆ ಚರ್ಚಿಸಿಯೇ ಘೋಷಿಸಬೇಕು. ಅಭಯಾರಣ್ಯದಲ್ಲಿರುವಂತೆ ಒಳಹೋಗಲು ಪರವಾನಗಿ ಬೇಕೆಂಬ ನಿಯಮ ಇದಕ್ಕಿಲ್ಲ. ಬೆಂಕಿ, ವಿಷವಸ್ತು, ಗಡಿಗುರುತು ಕೀಳುವುದು ನಿಷಿದ್ಧ. ಊರಿನ ಭಯಕ್ಕೆ ಉತ್ತರ 36ಬಿ ಕಲಮಿನಲ್ಲಿದೆ: ನಿರ್ವಹಣಾ ಸಮಿತಿಯಲ್ಲಿ ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯ ಒಬ್ಬೊಬ್ಬರು ಇರುತ್ತಾರೆ. ಗ್ರಾಮಸಭೆಯ ನಡಾವಳಿಯಲ್ಲಿ ಮೇವು, ಮೀನು, ಮಡಿವಾಳರ ಕಲ್ಲು, ದೇವರ ಗಂಗೆಪೂಜೆ ಎಲ್ಲವನ್ನೂ ಹೆಸರಿಸಿ ಬರೆಸಿಯೇ ಪ್ರಸ್ತಾವ ಕಳಿಸಿ.

ಒಂದು ಎಚ್ಚರಿಕೆ. 2017ರ ಜೌಗುಪ್ರದೇಶ ನಿಯಮಗಳು ಕಾಯುತ್ತವೆ ಎಂದು ನೆಚ್ಚಿಕೊಂಡವರಿದ್ದಾರೆ. ಕುಡಿಯುವ ನೀರಿಗೆ, ನೀರಾವರಿಗೆಂದೇ ಜನ ಕಟ್ಟಿದ ಕೆರೆಗಳನ್ನು ಆ ನಿಯಮಗಳು ಹೊರಗಿಟ್ಟಿವೆ. ನಮ್ಮೆರಡು ಜಿಲ್ಲೆಯ ಕೆರೆಗಳಲ್ಲಿ ಬಹುಪಾಲು ಅಂಥವೇ. ಹಾಗಾಗಿ ಮೊದಲು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಗ್ರಾಮನಕ್ಷೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ಪ್ರಕಾರ ಸರ್ವೆ ಮಾಡಿಸಿ, ಗಡಿಯಲ್ಲಿ ಕಂದಕ ತೆಗೆಸಿ. ಬರೀ ಕಲ್ಲು ನೆಟ್ಟರೆ ಒಂದು ಉಳುಮೆಗೆ ಸರಿದು ಹೋಗುತ್ತದೆ.

ಪ್ರಶ್ನೆ: ವಾಕಿಂಗ್‌ಗೆ ಹೋದಾಗ ಬಾತುಗಳಿಗೆ ಬ್ರೆಡ್, ಮಂಡಕ್ಕಿ ಹಾಕುತ್ತೇವೆ. ತಪ್ಪೇ?

ಉತ್ತರ: ಹೌದು. ತಿನ್ನದೆ ಉಳಿದದ್ದು ಕೊಳೆಯುತ್ತದೆ, ನಾಯಿ ಕಾಗೆ ಕೂಡುತ್ತವೆ. ಮಂಡಕ್ಕಿ ನಿಮಗಿರಲಿ.

ಪ್ರಶ್ನೆ: ಹಕ್ಕಿ ಎಣಿಕೆಗೆ ಶಾಲಾ ಮಕ್ಕಳನ್ನು ಕರೆದೊಯ್ಯಬೇಕೆಂದಿದ್ದೇವೆ. ಕ್ರಮ ತಿಳಿಸಿ.
(ಹಿರಿಯೂರು ತಾಲ್ಲೂಕಿನ ಶಿಕ್ಷಕರು)

ಉತ್ತರ: ಏಷ್ಯಾದ ನೀರಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತದೆ, ನಿಮ್ಮದೂ ಅದೇ ಹೊತ್ತಿಗೆ ಇರಲಿ. ಸೂರ್ಯ ಬೆನ್ನಿಗಿರುವ ದಡ ಆರಿಸಿ, ಎದುರು ಬಿಸಿಲಿನಲ್ಲಿ ಎಲ್ಲ ಬಾತೂ ಕಪ್ಪೇ. 8×42 ದುರ್ಬೀನು ಎರಡಿದ್ದರೆ ಹತ್ತು ಮಕ್ಕಳಿಗೆ ಸಾಕು. ಗುಂಪು ದೊಡ್ಡದಿದ್ದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅವು ಹಿಡಿಯುವ ಜಾಗ ಕಣ್ಣಲ್ಲಿ ಅಳೆದು, ಅಂಥ ಎಷ್ಟು ತುಂಡು ಇವೆ ನೋಡಿ. ಇಬ್ಬರು ಬೇರೆ ಬೇರೆ ಎಣಿಸಲಿ, ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಎಣಿಸಿ. ಜಾತಿ ಗೊತ್ತಾಗದಿದ್ದರೆ "ಬಾತು, ಗುರುತಿಸಿಲ್ಲ" ಎಂದೇ ಬರೆಯಿರಿ, ಊಹೆ ಬೇಡ. ವಾಣಿವಿಲಾಸ ಸಾಗರದಂಥ ದೊಡ್ಡ ಜಲಾಶಯದಲ್ಲಿ ಅಣೆಕಟ್ಟೆಯ ಹತ್ತಿರ ನಿಂತರೆ ಆಳದ ನೀರಿನಲ್ಲಿ ಏನೂ ಕಾಣದು, ಹಿನ್ನೀರಿನ ಅಂಚಿಗೆ ಹೋಗಿ. ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟ ಗುರುತಿಸಿ ಪಟ್ಟಿಯಲ್ಲಿ ಸೇರಿಸಿ. ಮಳೆಯಿಲ್ಲದ ವರ್ಷ ಕೆರೆ ಒಣಗಿದ್ದರೂ ಹೋಗಿ, ದಿನಾಂಕದ ಮುಂದೆ "ಒಣ, ಸೊನ್ನೆ" ಎಂದು ಬರೆಯಿರಿ. ಮುಂದೆ ಲೆಕ್ಕ ನೋಡುವವರಿಗೆ ಎಣಿಸಲಿಲ್ಲವೋ ಹಕ್ಕಿಯೇ ಇರಲಿಲ್ಲವೋ ಎಂಬುದು ಅದರಿಂದಲೇ ತಿಳಿಯುವುದು.

ಪ್ರಶ್ನೆ: ಬೇಸಿಗೆಯಲ್ಲಿ ಕೆರೆಯಂಚಿನಲ್ಲಿ ಹಕ್ಕಿಗಳು ಸತ್ತು ಬಿದ್ದಿದ್ದವು. ಹಕ್ಕಿಜ್ವರವೇ?

ಉತ್ತರ: ನೋಡಿ ಹೇಳಲಾಗದು, ಪರೀಕ್ಷೆಯೇ ಆಗಬೇಕು. ಕೆಲವು ಸೂಚನೆಗಳಿವೆ. ಮೀನು ಮೊದಲು ಬೆಳಗಿನ ಜಾವ ಬಾಯಿ ತೆರೆದು ತೇಲಿದ್ದರೆ ಆಮ್ಲಜನಕದ ಕೊರತೆ. ಹಲವು ಜಾತಿಯ ಹಕ್ಕಿಗಳ ಕತ್ತು ಸೋತು ಜೋತು, ರೆಕ್ಕೆ ಎತ್ತಲಾಗದೆ ನೀರಂಚಿನಲ್ಲಿದ್ದರೆ ಬೊಟುಲಿಸಂ ಎಂಬ ನಂಜು: ನೀರು ತಗ್ಗಿ ಕಾದಾಗ ಗಾಳಿಯಿಲ್ಲದ ಕೆಸರಿನಲ್ಲಿ ಹುಟ್ಟಿ, ಹೆಣದ ಹುಳದಲ್ಲಿ ಸೇರಿ, ಹುಳ ತಿಂದ ಹಕ್ಕಿಗೆ ದಾಟುತ್ತದೆ. ಒಂದೇ ಜಾತಿ, ಒಂದೇ ಕಡೆ, ಗಂಟಲಲ್ಲಿ ಕಾಳಿದ್ದರೆ ವಿಷದ ಗುಮಾನಿ. ಬರಿಗೈಲಿ ಮುಟ್ಟಬೇಡಿ, ಮೊದಲು ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ತಿಳಿಸಿ. ಅವರು ಮಾದರಿ ತೆಗೆದ ಮೇಲೆ ಉಳಿದವನ್ನು ಅಂದೇ, ನೀರು ಬಾವಿಗಳಿಂದ ದೂರ, ನಾಲ್ಕಡಿ ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು. ಸಾವು ನಿಲ್ಲುವವರೆಗೆ ದಿನಾ ಬೆಳಿಗ್ಗೆ ದಡ ಸುತ್ತಿ ಹೆಣ ತೆಗೆಯಿರಿ, ಒಂದು ದಿನ ತಪ್ಪಿದರೂ ಹುಳ ಬಿದ್ದು ಸರಪಳಿ ಮತ್ತೆ ಶುರು.